ನಾನು ಹಿರಿಯನಲ್ಲ ಎಂಬ ಜಗಳ

ಉಳಿದ ಕಡೆಗಳಲ್ಲಿ ನೌಕರರು ಕುರ್ಚಿಗಾಗಿ ಜಗಳಾಡುತ್ತಾರೆಂದು ಕೇಳಿದ್ದೇನೆ. ನಮ್ಮ ಶಾಲೆಯಲ್ಲೂ ಜಗಳ ನಡೆದದ್ದು ಕುರ್ಚಿಗಾಗಿಯೇ. ಅದರಲ್ಲಿ ಕೂಡ್ರಬೇಕಾದವರು ತಾವಲ್ಲ, ಎದುರಿನವರು ಎಂಬುದು ಎರಡೂ ಪಕ್ಷಗಳ ವಾದವಾಗಿತ್ತು, ಅಷ್ಟೇ ಫರಕು.

ಗೋಗಿಯಿಂದ ಒಳಗೆ ತಿರುಗುವ ರಸ್ತೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ಚಿತ್ರಕಲೆಯ ಮಾಸ್ತರ. ಮನೆ ಸುರಪುರದಲ್ಲಿ. ಬೆಳಿಗ್ಗೆ ಬಸ್ಸಿನಲ್ಲಿ ಶಹಾಪುರಕ್ಕೆ ಬಂದು, ಅಲ್ಲಿಂದ ಉಳಿದ ಮಾಸ್ತರರ ಜತೆ ತಲೆಗಿಷ್ಟು ಎಂದು ಜನ ತುಂಬುವ ಸೀಟಿನ ಆಟೋ ಹತ್ತುತ್ತೇನೆ. ಚಿತ್ರಕಲೆಯ ಮಾಸ್ತರನಿಗೆ ಸರ್ಕಾರಿ ಶಾಲೆಯಲ್ಲಿ ಒಂದು ವಿಶೇಷ ಗೌರವವಿದೆ. ಅವನು ಇದ್ದರೂ ಮಕ್ಕಳು ಪಾಸಾಗುತ್ತಾರೆ, ಇಲ್ಲದಿದ್ದರೂ ಪಾಸಾಗುತ್ತಾರೆ. ಹಾಗಾಗಿ ಯಾವ ತರಬೇತಿ ಬಂದರೂ ಅದಕ್ಕೆ ಅವನನ್ನೇ ಕಳಿಸುತ್ತಾರೆ. ಕೋಳಿ ಸಾಕಾಣಿಕೆಯಿಂದ ಹಿಡಿದು ಭೂಕಂಪದಲ್ಲಿ ಮೇಜಿನ ಕೆಳಗೆ ಹೇಗೆ ಕೂಡ್ರಬೇಕು ಎಂಬುದರವರೆಗೆ ನಾನು ತರಬೇತಿ ಪಡೆದಿದ್ದೇನೆ. ನಮ್ಮ ಶಾಲೆಯ ಮೇಜುಗಳ ಕೆಳಗೆ ಕೂತರೆ ಭೂಕಂಪಕ್ಕಿಂತ ಮೊದಲು ಮೇಜೇ ಬೀಳುತ್ತದೆ ಎಂಬುದು ಬೇರೆ ಮಾತು.

ಆ ವರ್ಷ ನಮ್ಮ ಹೆಡ್ ಮಾಸ್ತರರು ನಿವೃತ್ತರಾದರು. ಶಾಲು ಹೊದಿಸಿ, ಮಾಲೆ ಹಾಕಿ, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದೆವು. ಹೊಸಬರು ಬರುವತನಕ ಶಾಲೆಯ ಹಿರಿಯ ಶಿಕ್ಷಕರು ಚಾರ್ಜ್ ವಹಿಸಿಕೊಳ್ಳತಕ್ಕದ್ದು ಎಂದು ಮೇಲಿನಿಂದ ಆದೇಶ ಬಂತು. ಹಿರಿಯ ಶಿಕ್ಷಕರು ಯಾರು ಎಂದು ಅದರಲ್ಲಿ ಬರೆದಿರಲಿಲ್ಲ. ಬರೆಯುವ ಅಗತ್ಯ ಯಾರಿಗೂ ಕಂಡಿರಲಿಕ್ಕಿಲ್ಲ. ಹಿರಿಯ ಎಂದರೆ ಹಿರಿಯ, ಅದರಲ್ಲಿ ತಿಳಿಯದ್ದೇನಿದೆ.

ನಮ್ಮಲ್ಲಿ ಇಬ್ಬರಿದ್ದರು. ಒಬ್ಬರು ಗಣಿತದ ಮಾಸ್ತರರು. ಸಪೂರ ಆಳು, ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಳ್ಳುವವರು, ಎರಡು ಸಲ ಯೋಚಿಸದೆ ಕೆಮ್ಮುವುದೂ ಇಲ್ಲ. ಇನ್ನೊಬ್ಬರು ಸಮಾಜ ವಿಜ್ಞಾನದ ಮಾಸ್ತರರು. ದಪ್ಪ ದೇಹ, ದೊಡ್ಡ ದನಿ, ಮೊಳಕಾಲು ನೋವು. ಇಬ್ಬರದೂ ಮನೆ ಶಹಾಪುರದಲ್ಲಿ. ಇಬ್ಬರೂ ನೌಕರಿಗೆ ಸೇರಿದ್ದು ಒಂದೇ ದಿನ. ಇಬ್ಬರ ಜನ್ಮದಿನವೂ ಜೂನ್ ಒಂದು, ಒಂದೇ ಇಸವಿ. ಇದು ಪವಾಡವೇನಲ್ಲ. ನಮ್ಮ ಕಾಲದಲ್ಲಿ ಹುಡುಗನನ್ನು ಶಾಲೆಗೆ ಹಚ್ಚಲು ಕರೆದೊಯ್ದರೆ, ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ಆರು ವರ್ಷ ಆಯಿತು ಎಂದು ಲೆಕ್ಕ, ಹುಟ್ಟಿದ್ದು ಜೂನ್ ಒಂದು ಎಂದು ಬರೆದುಕೊಳ್ಳುತ್ತಿದ್ದರು. ನನ್ನದೂ ಜೂನ್ ಒಂದೇ. ಆ ದಿನ ನಮ್ಮ ಸೀಮೆಯ ಅರ್ಧ ಗಂಡಸರು ಹುಟ್ಟಿದ್ದಾರೆ. ಅಂದು ಊರೂರಿನ ಸೂಲಗಿತ್ತಿಯರು ಪಟ್ಟ ಪಾಡನ್ನು ನೆನೆದರೆ ಕರುಳು ಚುರುಕ್ ಎನ್ನುತ್ತದೆ.

ಇನ್ನು ಚಾರ್ಜ್ ಎಂದರೆ ಏನು ಎಂಬುದನ್ನು ಹೇಳಬೇಕು. ಮಕ್ಕಳ ತತ್ತಿ, ಬಾಳೆಹಣ್ಣು, ಬೂಟು, ಗ್ಯಾಸು ಸಿಲಿಂಡರು, ಸೋರುವ ನೀರಿನ ಟಾಕಿ, ಬೀಳುವ ಕಂಪೌಂಡು, ಎಲ್ಲಕ್ಕೂ ಸಹಿ. ಇಷ್ಟೇ ಆಗಿದ್ದರೆ ಹಳೆಯ ಕಾಲದವರು ಹೇಗೋ ಸುಧಾರಿಸುತ್ತಿದ್ದರು. ಈಗ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಏರಿಸಬೇಕು. ಏರಿಸುವಾಗ ಹೆಡ್ ಮಾಸ್ತರರ ಫೋನಿಗೆ ಓಟಿಪಿ ಬರುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಸತ್ತೂ ಹೋಗುತ್ತದೆ. ನಮ್ಮ ಹಳೆಯ ಹೆಡ್ ಮಾಸ್ತರರ ನಂಬರನ್ನು ಯಾರೂ ತೆಗೆಸದ ಕಾರಣ, ಅವರು ನಿವೃತ್ತರಾದ ಮೇಲೂ ಯಾದಗಿರಿಯ ತಮ್ಮ ಮನೆಯ ಕಟ್ಟೆಯ ಮೇಲೆ ಕೂತು ನಮಗೆ ಓಟಿಪಿ ಹೇಳುತ್ತಿದ್ದರು. ಶಾಲೆ ನಡೆಯುತ್ತಿದ್ದುದೇ ಈ ಪುಣ್ಯಾತ್ಮರಿಂದ. "ಇವತ್ತ ತತ್ತೀದು ಬಂದಿಲ್ಲಲ್ಲೋ, ಸಾಲಿ ಸೂಟಿ ಏನು?" ಎಂದು ಅವರೇ ಫೋನು ಮಾಡಿ ಕೇಳುತ್ತಿದ್ದರು. ಆದರೆ ಓಟಿಪಿಯನ್ನು ಫೋನಿನಲ್ಲಿ ಹೇಳಬಹುದು, ಸಹಿಯನ್ನು ಹೇಳಲು ಬರುವುದಿಲ್ಲ. ತೊಡಕು ಶುರುವಾದದ್ದು ಅಲ್ಲಿ.

ನಮ್ಮ ಶಾಲೆಯ ಕನ್ನಡದ ಟೀಚರಿಗೆ ಆಗ ತುಂಬಿದ ಬಸುರು, ಚೊಚ್ಚಲು. ಗಂಡ ನಾರಾಯಣಪುರದಲ್ಲಿ ನೀರಾವರಿಯ ನೌಕರ. ತವರು ಕೊಂಕಲ್. ದಸರೆ ಮುಗಿದು ಎಂಟು ದಿನಕ್ಕೆ ತವರಿನವರು ಕುಬಸದ, ಅಂದರೆ ಸೀಮಂತದ, ದಿನ ಗೊತ್ತು ಮಾಡಿದ್ದರು. ಅವರ ಮನೆತನದ ರೂಢಿ ಹೀಗೆ: ಕುಬಸ ಮಾಡಿಸಿಕೊಂಡು ತವರಿಗೆ ಹೋದ ಮಗಳು ಹೆರಿಗೆಯಾಗುವತನಕ ಹೊಸ್ತಿಲು ದಾಟಿ ಹೊರಳಿ ಬರುವಂತಿಲ್ಲ. ಹಾಗಾಗಿ ರಜೆ ಅದಕ್ಕಿಂತ ಮೊದಲೇ ಆಗಬೇಕು. ರಜೆಗೆ ಹೆಡ್ ಮಾಸ್ತರರ ಸಹಿ ಬೇಕು. ಇಲ್ಲದಿದ್ದರೆ ಒಂದೋ ಕುಬಸದ ದಿನ ಮುಂದೆ ಹೋಗಬೇಕು, ಇಲ್ಲವೇ ಆಕೆ ಕೊಂಕಲ್‌ನಿಂದ ಗಾಡಿ ಬದಲಿಸುತ್ತ, ಕುಲುಕುವ ಆಟೋದಲ್ಲಿ ಆ ಹೊಟ್ಟೆ ಹಿಡಿದುಕೊಂಡು ಬರಬೇಕು. ಆ ಹುಡುಗಿ ಯಾರ ಮುಂದೂ ದೊಡ್ಡ ದನಿಯಲ್ಲಿ ಮಾತಾಡುವವಳಲ್ಲ. ದಿನವೂ ಸ್ಟಾಫ್ ರೂಮಿಗೆ ಬಂದು ಇಬ್ಬರು ಹಿರಿಯರನ್ನೂ ಒಮ್ಮೆ ನೋಡಿ, ನಡುವೆ ಖಾಲಿ ಬಿದ್ದ ಹೆಡ್ ಮಾಸ್ತರರ ಕುರ್ಚಿಯನ್ನು ಒಮ್ಮೆ ನೋಡಿ, ಕ್ಲಾಸಿಗೆ ಹೋಗುತ್ತಿದ್ದಳು.

ಆ ಕುರ್ಚಿಯ ನೆತ್ತಿಗೆ ಸರಿಯಾಗಿಯೇ ಶಾಲೆಯ ಒಂದೇ ಒಂದು ಸರಿಯಾದ ಫ್ಯಾನು ಇತ್ತು. ಇಬ್ಬರೂ ಅದರ ಎಡಕ್ಕೊಬ್ಬರು ಬಲಕ್ಕೊಬ್ಬರು ಬೆವರು ಒರೆಸಿಕೊಳ್ಳುತ್ತ ಕೂಡ್ರುತ್ತಿದ್ದರು. ಕುರ್ಚಿಯ ಮೇಲೆ ಚೇಳು ಕುಂತಂತೆ ಯಾರೂ ಅದರ ಸಮೀಪ ಸುಳಿಯುತ್ತಿರಲಿಲ್ಲ.

ಜಗಳದ ಲಕ್ಷಣವೂ ವಿಚಿತ್ರ. ಮೊದಲು ಅವರಿಬ್ಬರೂ ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದ ಗೆಳೆಯರು. "ಏನಲೇ, ಇವತ್ತ ಪುಂಡಿಪಲ್ಯ ತಂದಿಯೇನು?" ಎಂದು ಒಬ್ಬರು ಕೇಳಿದರೆ, "ತಂದೇನಿ, ನಿನಗಲ್ಲ" ಎಂದು ಇನ್ನೊಬ್ಬರು ಅನ್ನುತ್ತಿದ್ದರು. ಆದೇಶ ಬಂದ ಮಾರನೆಯ ದಿನದಿಂದ ಈ ಸಲಿಗೆಯ ಮಾತು ನಿಂತು, ಮರ್ಯಾದೆ ಶುರುವಾಯಿತು.

"ಬರ್ರಿ ಸರ, ತಾವು ಹಿರ್ಯಾರು, ಮೊದಲ ಆಟೋದಾಗ ತಾವು ಹತ್ರಿ."

"ಛೇ ಛೇ, ತಾವು ನಿಂತಿರಬೇಕು, ನಾ ಸಣ್ಣಾವ ಹತ್ತಿ ಕುಂದರಬೇಕು? ಹ್ಯಾಂಗಾದೀತ್ರಿ?"

ಆಟೋದವನು ದಿನವೂ ಇದನ್ನು ಕೇಳಿ ಕೇಳಿ ಬೇಸತ್ತಿದ್ದ. "ಸರ, ಇಬ್ರೂ ಸಣ್ಣವ್ರ ಆಗ್ರಿ, ಆದ್ರ ಜಲ್ದಿ ಆಗ್ರಿ. ಹಿಂದ ಬಸ್ಸು ಹಾರ್ನ್ ಹೊಡ್ಯಾಕತ್ತೈತಿ" ಎನ್ನುತ್ತಿದ್ದ.

ವಾದದಲ್ಲಿ ಇಬ್ಬರ ತಾಯಂದಿರನ್ನೂ ಸಾಕ್ಷಿಗೆ ಕರೆದದ್ದಾಯಿತು. ಇಬ್ಬರೂ ತೀರಿಹೋದವರು, ಹಾಗಾಗಿ ಪಾಟೀಸವಾಲು ಸಾಧ್ಯವಿರಲಿಲ್ಲ.

"ನಮ್ಮವ್ವ ಹೇಳ್ತಿದ್ಲು, ನಾ ಹುಟ್ಟಿದಾಗ ಹೊಳಿ ತುಂಬಿ ಬಂದಿತ್ತಂತ" ಎಂದರು ಗಣಿತದವರು. "ಅಂದ್ರ ಮಳಿಗಾಲ. ನೀವು ಹುಟ್ಟಿದ್ದು ಜ್ವಾಳದ ರಾಶಿ ಒಳಗ ಅಂತ ನೀವ ಹೇಳೀರಿ. ಬ್ಯಾಸಿಗಿ ಮೊದಲು, ಮಳಿಗಾಲ ಆಮ್ಯಾಗ. ಹಿರ್ಯಾರು ತಾವ."

"ಯಾವ ವರ್ಷದ ರಾಶಿ ಅಂತ ನಮ್ಮವ್ವ ಹೇಳಿಲ್ರಿ" ಎಂದರು ಸಮಾಜದವರು ಸಮಾಧಾನದಿಂದ. "ನಿಮ್ಮ ಹೊಳಿ ಇಳದ ಮ್ಯಾಲೆ ಬಿತ್ತಿದ ಜ್ವಾಳದ ರಾಶಿ ಅದು. ನಿಮಗಿಂತ ನಾ ಸಣ್ಣಾವ. ತಮ್ಮ ಇದ್ದಂಗ."

ಮೇಲಿನ ಕಚೇರಿಯಲ್ಲಿ ಕೇಳಿದರೆ, ಹಿರಿಯರು ಯಾರೆಂದು ನಿಮ್ಮಲ್ಲೇ ನೋಡಿಕೊಳ್ಳಿ ಎಂದರು. ನಾವು ನೋಡಿಕೊಂಡೇ ಇದ್ದೆವು.

ಇದರ ನಡುವೆ ಯಾದಗಿರಿಯಲ್ಲಿ ಒಂದು ದಿನದ ತರಬೇತಿ ಬಂತು. ವಿಷಯ: ಕೆಲಸದ ಜಾಗದಲ್ಲಿ ಒತ್ತಡ ನಿರ್ವಹಣೆ ಮತ್ತು ಸಂಘರ್ಷ ಪರಿಹಾರ. ವಾಡಿಕೆಯಂತೆ ನನ್ನನ್ನು ಕಳಿಸಿದರು. ಅಂದು ಬೆಳಿಗ್ಗೆ ಶಹಾಪುರದಲ್ಲಿ ಬಸ್ಸು ಬದಲಿಸುವಾಗ ಆಟೋ ಸ್ಟ್ಯಾಂಡಿನಲ್ಲಿ ಟೀಚರು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು:

"ಸರ, ಜಗಳ ಬಿಡಸೋದು ಕಲಸ್ತಾರಂತಲ್ರಿ. ಜರಾ ಮನಸ್ಸು ಕೊಟ್ಟು ಕಲ್ತು ಬರ್ರಿ. ನಮ್ಮಪ್ಪ ಕುಬಸಕ್ಕ ಊರ ತುಂಬ ಹೇಳ್ಯಾನ."

ಬದುಕಿನಲ್ಲಿ ಮೊದಲ ಸಲ ನಾನು ಒಂದು ತರಬೇತಿಗೆ ಉದ್ದೇಶ ಇಟ್ಟುಕೊಂಡು ಹೋದೆ.

ತರಬೇತಿ ಕೊಡಲು ಬಂದವರು ದೂರದ ಊರಿನವರು, ನುಣುಪು ಮಾತಿನ ಒಳ್ಳೆಯ ಮನುಷ್ಯ. ಮೊದಲು ಎಲ್ಲರಿಗೂ ಕಣ್ಣು ಮುಚ್ಚಿ ಉಸಿರು ಎಳೆದುಕೊಳ್ಳಲು ಹೇಳಿದರು. ಮಧ್ಯಾಹ್ನದ ಊಟದ ನಂತರ ಮತ್ತೊಮ್ಮೆ ಹೇಳಿದಾಗ ಅರ್ಧ ಸಭಾಂಗಣ ಕಣ್ಣು ಮುಚ್ಚಿದ್ದು ತೆರೆಯಲೇ ಇಲ್ಲ. ಇಷ್ಟು ಬೇಗ ಇಷ್ಟು ಆಳಕ್ಕೆ ಇಳಿದ ಗುಂಪನ್ನು ತಾವು ಎಲ್ಲಿಯೂ ಕಂಡಿಲ್ಲ ಎಂದು ಅವರು ಮೆಚ್ಚಿದರು. ಯಾದಗಿರಿಯ ಬಿಸಿಲಿನ ಪರಿಚಯ ಅವರಿಗಿರಲಿಲ್ಲ.

ಆಮೇಲೆ ಪರದೆಯ ಮೇಲೆ ಚಿತ್ರ ತೋರಿಸುತ್ತ, ಯಾವ ಜಗಳದಲ್ಲಾದರೂ ಇಬ್ಬರಿಗೂ ಗೆಲ್ಲಬೇಕೆಂಬ ಆಸೆ ಇರುತ್ತದೆ, ಇಬ್ಬರೂ ಗೆದ್ದಂತೆ ಮಾಡುವುದೇ ಪರಿಹಾರ ಎಂದು ವಿವರಿಸಿದರು. ನಾನು ಎದ್ದು ನಿಂತೆ.

"ಸರ್, ಇಬ್ಬರಿಗೂ ಸೋಲಬೇಕೆಂಬ ಆಸೆ ಇದ್ದರೆ?"

ಅವರು ಪರದೆ ನೋಡಿದರು. ಅದರಲ್ಲಿ ಇದಕ್ಕೆ ಚಿತ್ರವಿರಲಿಲ್ಲ. "ಅಂಥ ಜಗಳ ಎಲ್ಲಿರುತ್ತದೆ?" ಎಂದು ನಕ್ಕರು. ಗೋಗಿಯ ಹತ್ತಿರ ಇದೆ ಎಂದೆ. ಸಭೆ ನಕ್ಕಿತು, ಮಲಗಿದ್ದವರು ಎದ್ದರು. ಅವರು ಸ್ವಲ್ಪ ಯೋಚಿಸಿ, ಎಲ್ಲ ಜಗಳಕ್ಕೂ ಹೊಂದುವ ಒಂದು ಉಪಾಯ ಹೇಳಿದರು. ಜಗಳಾಡಿದವರನ್ನು ಎದುರುಬದುರು ಕೂಡ್ರಿಸಬೇಕು. ಒಬ್ಬರು ಇನ್ನೊಬ್ಬರ ಒಳ್ಳೆಯ ಗುಣಗಳನ್ನು ಬಾಯಿಬಿಟ್ಟು ಹೇಳಬೇಕು. ಹೇಳುತ್ತ ಹೇಳುತ್ತ ಮನಸ್ಸು ಕರಗುತ್ತದೆ. ನಾನು ಶ್ರದ್ಧೆಯಿಂದ ಕೇಳಿಸಿಕೊಂಡು, ಸಂಜೆಯ ಬಸ್ಸು ಹಿಡಿದೆ.

ಮಾರನೆಯ ದಿನ ಊಟದ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ಇಬ್ಬರನ್ನೂ ಎದುರುಬದುರು ಕೂಡ್ರಿಸಿದೆ. ಸರ್ಕಾರದ ತರಬೇತಿ, ಮಾಡದೆ ಬಿಡುವಂತಿಲ್ಲ ಎಂದು ಹೆದರಿಸಿದ್ದರಿಂದ ಒಪ್ಪಿದರು. ಟೀಚರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಗಣಿತದವರು ಗಂಟಲು ಸರಿ ಮಾಡಿಕೊಂಡರು.

"ಇವ್ರ ಬಗ್ಗೆ ನಾ ಏನು ಹೇಳ್ಲಿ. ಇವ್ರು ಮಾತಾಡಿದ್ರ ಊರ ಹಿರ್ಯಾರು ಸುಮ್ಮ ಕುಂತು ಕೇಳ್ತಾರ. ಇವ್ರ ದನಿ ದೊಡ್ಡದು, ಇವ್ರ ದೇಹ ದೊಡ್ಡದು, ಇವ್ರ ಮನಸ್ಸು ದೊಡ್ಡದು. ಇಂಥವ್ರು ಕುರ್ಚಿ ಮ್ಯಾಲೆ ಕುಂತ್ರ ಕುರ್ಚಿಗಿ ಶೋಭಾ."

ಸಮಾಜದವರ ಮುಖ ಕೆಂಪಾಯಿತು. "ನಾನೂ ಹೇಳ್ತೇನಿ ಕೇಳ್ರಿ. ಇವ್ರ ಅಕ್ಷರ ಮುತ್ತು. ಇವ್ರ ಸಹಿ ನೋಡ್ರಿ, ಖಲಾಸ್, ಯಾವ ಕಲೆಕ್ಟರಿಗೂ ಕಡಿಮಿ ಇಲ್ಲ. ಒಂದು ತಪ್ಪು ಹೆಜ್ಜಿ ಇಡಾಂಗಿಲ್ಲ. ಇಂಥ ಶಾಂತ ಮನಶ್ಯಾ ಹೆಡ್ ಮಾಸ್ತರ ಆಗ್ಲಿಲ್ಲಂದ್ರ ಇನ್ಯಾರು ಆಗಬೇಕ್ರಿ?"

"ನೋಡ್ರಿ, ಇವ್ರ ನ್ಯಾಯಬುದ್ಧಿ."

"ಅಲ್ರಿ, ಇವ್ರ ತಾಳ್ಮಿ."

"ತಾಳ್ಮಿ ನಂದೇನೂ ಉಳಿದಿಲ್ಲ" ಎಂದರು ಗಣಿತದವರು ಎದ್ದು ನಿಂತು. "ಇನ್ನೊಂದು ಸಲ ನನ್ನ ಹಿಂಗ ಹೊಗಳಿದ್ರ ನೋಡ್ರಿ ಮತ್ತ."

"ನೀವು ಹೊಗಳಬಹುದು, ನಾ ಹೊಗಳಬಾರದೇನು? ಮೊದಲ ಶುರು ಮಾಡಿದಾವ ಯಾರು?"

ಹೊಗಳಿಕೆ ಕೈ ಮೀರುವ ಮೊದಲು ನಾನು ಸಭೆ ಮುಗಿಸಿದೆ. ಇಬ್ಬರೂ ತಮ್ಮ ತಮ್ಮ ಡಬ್ಬಿ ಹಿಡಿದು ಬೇರೆ ಬೇರೆ ಕ್ಲಾಸುಗಳಿಗೆ ಹೋಗಿ ಉಂಡರು. ಟೀಚರು ಬಾಗಿಲಿನಿಂದ ಎದ್ದವಳು ನನ್ನನ್ನು ನೋಡಿ, "ಇನ್ನೊಂದು ದಿನ ತರಬೇತಿ ಇದ್ರ ಹೋಗಬ್ಯಾಡ್ರಿ ಸರ" ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ, ವಿನಂತಿ ಇತ್ತು.

ಹೀಗಿರುವಾಗ ದಸರೆಯ ಸೂಟಿ ಬಿತ್ತು. ಟೀಚರು ರಜೆಯ ಅರ್ಜಿಯನ್ನು ಖಾಲಿ ಕುರ್ಚಿಯ ಮುಂದಿನ ಮೇಜಿನ ಮೇಲಿಟ್ಟು ಹೊರಟಳು. ಸಮಾಜದ ಮಾಸ್ತರರು ತಾವೇ, "ಸೂಟಿ ಮುಗಿಯೋದ್ರಾಗ ಏನರ ಆಗತೈತಿ ಬಿಡವ್ವ" ಎಂದರು. ಯಾರು ಮಾಡಿದರೆ ಏನು ಆಗುತ್ತದೆ ಎಂಬುದನ್ನು ಅವರು ಹೇಳಲಿಲ್ಲ.

ನಮ್ಮ ಕಡೆ ದಸರೆ ಎಂದರೆ ಬನ್ನಿ. ಸಂಜೆಗೆ ಬನ್ನಿ ಎಲೆ ತಂದು ಮನೆ ಮನೆಗೆ ಹೋಗಿ, "ಬನ್ನಿ ತಗೊಂಡು ಬಂಗಾರದಂಗ ಇರೋಣು" ಎಂದು ಕೈಯಲ್ಲಿಡುತ್ತೇವೆ. ಸರೀಕರು ಎದೆಗೆ ಎದೆ ಹಚ್ಚುತ್ತಾರೆ. ಕಿರಿಯರು ಬನ್ನಿ ಕೊಟ್ಟು ಹಿರಿಯರ ಕಾಲಿಗೆ ಬೀಳುತ್ತಾರೆ. ವರ್ಷವಿಡೀ ಮಾತು ಬಿಟ್ಟವರೂ ಅಂದು ಬನ್ನಿ ಕೊಟ್ಟರೆ ಮಾತಾಡಲೇಬೇಕು. ಇದಕ್ಕೆ ಯಾರೂ ತರಬೇತಿ ಕೊಡುವುದಿಲ್ಲ, ನಡೆದುಕೊಂಡು ಬಂದಿದೆ. ಈ ಇಬ್ಬರು ಗೆಳೆಯರು ಪ್ರತಿ ವರ್ಷ ಎದೆಗೆ ಎದೆ ಹಚ್ಚಿಯೇ ಬನ್ನಿ ಕೊಡುತ್ತಿದ್ದವರು.

ಆ ವರ್ಷ ಇಬ್ಬರ ತಲೆಯಲ್ಲೂ ಒಂದೇ ಸಮಯಕ್ಕೆ ಒಂದೇ ವಿಚಾರ ಹೊಳೆದಿತ್ತು. ಮೊದಲು ಹೋಗಿ ಬನ್ನಿ ಕೊಟ್ಟು, ನಾಲ್ಕು ಜನರ ಮುಂದೆ ಎದುರಿನವರ ಕಾಲಿಗೆ ಬಿದ್ದುಬಿಟ್ಟರೆ ಕೆಲಸ ಮುಗಿಯಿತು. ಬೀಳಿಸಿಕೊಂಡವರು ಹಿರಿಯರು. ಆಮೇಲೆ ಯಾವ ಬಾಯಿಯಿಂದ ಅಲ್ಲ ಎನ್ನುತ್ತಾರೆ?

ಗಣಿತದವರು ಸಂಜೆ ಮನೆಯ ಪೂಜೆ ಮುಗಿಸಿ ನೇರ ಸಮಾಜದವರ ಮನೆಗೆ ಹೋದರು. ಅವರು ಮನೆಯಲ್ಲಿರಲಿಲ್ಲ. ಇನ್ನೊಂದು ಓಣಿಯಿಂದ ಗಣಿತದವರ ಮನೆಗೆ ಹೋಗಿದ್ದರು. ಇಬ್ಬರೂ ಅಲ್ಲಲ್ಲಿಯೇ ಕಾದರು. ಅವರ ಮನೆಯಲ್ಲಿ ಇವರು ಹೋಳಿಗೆ ಉಂಡರು, ಇವರ ಮನೆಯಲ್ಲಿ ಅವರು ಹೋಳಿಗೆ ಉಂಡರು. ಕಾದು ಸಾಕಾಗಿ ಹೊರಟು, ಮತ್ತೆ ಬೇರೆ ಬೇರೆ ಓಣಿ ಹಿಡಿದು ತಮ್ಮ ತಮ್ಮ ಮನೆ ಸೇರಿದರು. ಇದನ್ನು ನನಗೆ ಆಮೇಲೆ ಆಟೋದವನು ಹೇಳಿದ. ಅವನ ಮನೆ ಎರಡೂ ಓಣಿ ಕೂಡುವಲ್ಲಿದೆ. "ಕಟ್ಟಿ ಮ್ಯಾಲೆ ಕುಂತು ನೋಡಿದೆ ಸರ, ಹೋಗೋದೂ ನೋಡಿದೆ, ಬರೋದೂ ನೋಡಿದೆ. ನಾ ಯಾಕ ನಡುವ ಬಾಯಿ ಹಾಕ್ಲಿ ಅಂತ ಸುಮ್ಮನಾದೆ" ಎಂದ.

ಬನ್ನಿಯನ್ನು ಹುಣ್ಣಿಮೆಯತನಕ ಕೊಡಬಹುದು. ಶಾಲೆ ಶುರುವಾದದ್ದು ಅದಕ್ಕಿಂತ ಮೊದಲು. ಆ ಬೆಳಿಗ್ಗೆ ಶಹಾಪುರದ ಆಟೋ ಸ್ಟ್ಯಾಂಡಿನಲ್ಲಿ ನಾನು ಇಬ್ಬರನ್ನೂ ನೋಡಿದೆ. ಇಬ್ಬರ ಅಂಗಿಯ ಕಿಸೆಯಿಂದಲೂ ಬನ್ನಿಯ ಎಲೆ ಇಣುಕುತ್ತಿತ್ತು. ಆದರೆ ಒಬ್ಬರ ಕಡೆ ಒಬ್ಬರು ಹೆಜ್ಜೆ ಇಡುವಷ್ಟರಲ್ಲಿ ಜನ ನುಗ್ಗಿ ಹತ್ತಿದರು. ಗಣಿತದವರು ಆಟೋದವನ ಪಕ್ಕದಲ್ಲಿ, ಸಮಾಜದವರು ಹಿಂದೆ, ಅವರ ತೊಡೆಯ ಮೇಲೆ ಯಾರದೋ ಹಿಟ್ಟಿನ ಚೀಲ. ಸೀಟಿನ ಆಟೋದಲ್ಲಿ ಯಾರ ಕಾಲು ಯಾರದೆಂದೇ ತಿಳಿಯುವುದಿಲ್ಲ, ಬೀಳುವುದೆಲ್ಲಿಂದ ಬಂತು. ಗೋಗಿ ದಾಟುವತನಕ ಇಬ್ಬರೂ ಕಿಸೆಯ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದರು. ಟೀಚರು ಅಂಚಿನ ಸೀಟಿನಲ್ಲಿ ಹೊಟ್ಟೆಯ ಮೇಲೆ ಬ್ಯಾಗು ಇಟ್ಟುಕೊಂಡು, ರಸ್ತೆಯ ಪ್ರತಿ ಕುಣಿಗೂ ತುಟಿ ಕಚ್ಚುತ್ತಿದ್ದಳು. ಕುಬಸಕ್ಕೆ ಇನ್ನು ಉಳಿದದ್ದು ಅದೇ ವಾರ.

ಶಾಲೆಯ ಗೇಟಿನ ಮುಂದೆ ಆಟೋ ನಿಂತಿತು. ಮಕ್ಕಳು ಪ್ರಾರ್ಥನೆಗೆ ಸಾಲಾಗಿ ನಿಂತಿದ್ದರು. ಗಣಿತದವರು ಮುಂದಿನಿಂದ ಜಿಗಿದರು. ಸಮಾಜದವರು ಹಿಟ್ಟಿನ ಚೀಲವನ್ನು ಪಕ್ಕದವರ ಮೇಲೆ ಎಸೆದು ಹಿಂದಿನಿಂದ ಇಳಿದರು. ಅಂಗಳದ ನಡುವೆ ಇಬ್ಬರೂ ಎದುರಾದರು, ಒಂದೇ ಗಳಿಗೆಗೆ ಬನ್ನಿ ಎದುರಿನವರ ಕೈಗೆ ತುರುಕಿದರು, ಒಂದೇ ಗಳಿಗೆಗೆ ಬಗ್ಗಿದರು.

ಇಲ್ಲಿ ಶಾಸ್ತ್ರದ ಒಂದು ಸೂಕ್ಷ್ಮ ಎದುರಾಯಿತು. ಕಾಲು ಮುಟ್ಟಿದವನು ಹಿರಿಯರ ಆಶೀರ್ವಾದ ಬಂದ ಮೇಲೆ ಏಳಬೇಕು. ಆಶೀರ್ವಾದ ಮಾಡಬೇಕಾದವರು ತಾವೇ ಬಗ್ಗಿದ್ದಾರೆ. ಮೊದಲು ಎದ್ದವನು ನಿಂತ ಭಂಗಿಯಲ್ಲಿರುತ್ತಾನೆ, ಬಗ್ಗಿದವನು ಅವನ ಕಾಲಲ್ಲಿರುತ್ತಾನೆ. ನೋಡಿದವರು ಏನನ್ನುತ್ತಾರೆ? ಆದ್ದರಿಂದ ಇಬ್ಬರೂ ಏಳಲಿಲ್ಲ. ಒಬ್ಬರ ಪಾದ ಒಬ್ಬರು ಹಿಡಿದು, ತಲೆ ಕೆಳಗೆ ಮಾಡಿಕೊಂಡು ನಿಂತುಬಿಟ್ಟರು.

"ಏಳ್ರಿ, ತಾವು ಹಿರ್ಯಾರು."

"ತಾವು ಆಶೀರ್ವಾದ ಮಾಡ್ರಿ, ಏಳ್ತೇನಿ."

"ಅದಾಗಾಂಗಿಲ್ಲ."

"ಹಂಗಾದ್ರ ನಾನೂ ಏಳಾಂಗಿಲ್ಲ."

ಮುಂದಿನ ಸಾಲಿನ ಮಕ್ಕಳು ಇದು ಸೂಟಿಯ ನಂತರ ಬಂದ ಹೊಸ ಕವಾಯತು ಎಂದು ತಿಳಿದು, ಒಬ್ಬರನ್ನೊಬ್ಬರು ನೋಡಿ ಬಗ್ಗಿದರು. ಹಿಂದಿನ ಸಾಲೂ ಬಗ್ಗಿತು. ಆಟೋದವನು ಗಾಡಿ ತಿರುಗಿಸುವುದನ್ನು ಬಿಟ್ಟು ತಲೆ ಹೊರಗೆ ಹಾಕಿದ. ಇಡೀ ಶಾಲೆಯಲ್ಲಿ ನೆಟ್ಟಗೆ ನಿಂತವರು ನಾನು ಮತ್ತು ಕನ್ನಡದ ಟೀಚರು ಮಾತ್ರ.

ಟೀಚರು ಮೆಲ್ಲಗೆ ನಡೆದು ಅವರ ಹತ್ತಿರ ಹೋದಳು. ಅವಳ ಕೈಯಲ್ಲೂ ಬನ್ನಿ ಇತ್ತು.

"ಸರ" ಎಂದಳು. "ನಾನೂ ನಿಮ್ಮಿಬ್ಬರಿಗೂ ಬನ್ನಿ ಕೊಟ್ಟು ಕಾಲಿಗಿ ಬೀಳಬೇಕು. ಆದ್ರ ನನಗ ಬಗ್ಗಾಕ ಬರಾಂಗಿಲ್ಲ. ನೀವರ ಎದ್ದು ನಿಂದರ್ರಿ. ಮತ್ತ ಈ ವಾರ ದಾಟಿದ್ರ ನಾ ನಿಮ್ಮ ಕೈಯಾಗ ಬನ್ನಿ ಕೊಡಾಕ ಇಲ್ಲಿ ಇರತೇನೋ, ದಾರ್ಯಾಗ ಆಟೋದಾಗ ಇರತೇನೋ, ನನಗ ಗೊತ್ತಿಲ್ಲ."

ಬಗ್ಗಿದ ಮಕ್ಕಳು ಬಗ್ಗಿದಲ್ಲಿಂದಲೇ ಕತ್ತು ತಿರುಗಿಸಿ ನೋಡಿದರು. ಗಣಿತದವರು ಮೆಲ್ಲಗೆ ತಲೆಯೆತ್ತಿ ಅವಳ ಮುಖ ನೋಡಿದರು. ಕೈ ಬಿಟ್ಟು ಎದ್ದರು. ಸಮಾಜದವರೂ ಕೈ ಬಿಟ್ಟರು. ಬಿಟ್ಟರು, ಆದರೆ ಏಳಲಿಲ್ಲ. ಈ ಸಲ ಅದು ವಾದವಲ್ಲ, ಮೊಳಕಾಲು. ಏಳಲು ಒಮ್ಮೆ ನೋಡಿದರು, ಆಗಲಿಲ್ಲ. ಇನ್ನೊಮ್ಮೆ ನೋಡಿ, ಅಲ್ಲಿಯೇ ನೆಲಕ್ಕೆ ಕೈಯೂರಿದರು.

ಗಣಿತದವರು ಅವರ ತೋಳಿನ ಕೆಳಗೆ ಕೈ ಹಾಕಿದರು. ಸಪೂರ ಮನುಷ್ಯ, ಎತ್ತಬೇಕಾದದ್ದು ದೊಡ್ಡ ದೇಹ. ಎತ್ತುವ ಭರದಲ್ಲಿ ಮರ್ಯಾದೆಯ ಭಾಷೆ ಅವರ ಬಾಯಿಯಿಂದ ಉದುರಿಹೋಯಿತು.

"ಏಳಲೇ ದೋಸ್ತಾ. ಎಷ್ಟು ತಿಂದಿಯಲೇ ನಮ್ಮ ಮನ್ಯಾಗ, ಹೋಳಗಿ ಎಲ್ಲಾ ಖಾಲಿ ಮಾಡೀಯಂತ, ನನ್ನ ಹೆಣ್ತಿ ಹೇಳ್ಯಾಳ."

"ನಿಧಾನ ಎತ್ತಲೇ, ತೋಳು ಕಿತ್ತು ಬರತೈತಿ. ನೀ ನಮ್ಮ ಮನ್ಯಾಗ ತುಪ್ಪ ಬಿಟ್ಟೀಯೇನು?"

ಎದ್ದು ನಿಂತು, ಧೋತರದಂತೆ ಪ್ಯಾಂಟನ್ನು ಜಾಡಿಸಿಕೊಂಡು, ಇನ್ನೂ ಗೆಳೆಯನ ಹೆಗಲ ಮೇಲೆ ಭಾರ ಹಾಕಿಕೊಂಡೇ, ಸಮಾಜದವರು ಸುತ್ತ ನೋಡಿದರು. ಆಟೋದವನನ್ನೂ ಮಕ್ಕಳನ್ನೂ ನನ್ನನ್ನೂ ನೋಡಿದರು. ನಾಲ್ಕು ಜನರ ಮುಂದೆ ಒಬ್ಬ ಇನ್ನೊಬ್ಬನನ್ನು, ಮನೆಯ ಹಿರಿಯರನ್ನು ಎಬ್ಬಿಸುವಂತೆ, ಕೈಹಿಡಿದು ಎಬ್ಬಿಸಿದ್ದಾಗಿತ್ತು.

"ಆತು ಬಿಡಲೇ" ಎಂದರು ಉಸಿರು ಬಿಟ್ಟು. "ಕೈ ಹಿಡದು ಎಬ್ಬಿಸಿಕೊಂಡ ಮ್ಯಾಲೆ ನಾ ಹಿರ್ಯಾ ಅಲ್ಲ ಅಂತ ಯಾವ ಬಾಯಿಲೆ ಹೇಳ್ಲಿ. ಬಾರವ್ವ ತಂಗಿ, ಕೊಡು ಬನ್ನಿ."

ಟೀಚರು ಇಬ್ಬರಿಗೂ ಬನ್ನಿ ಕೊಟ್ಟಳು. ಇಬ್ಬರೂ ಅವಳ ತಲೆಯ ಮೇಲೆ ಕೈಯಿಟ್ಟರು. "ಇನ್ನ ಸಾಕು, ಏಳ್ರೋ" ಎಂದು ನಾನು ಮಕ್ಕಳಿಗೆ ಹೇಳಿದೆ.

ಪ್ರಾರ್ಥನೆ ಮುಗಿದ ಮೇಲೆ ಸಮಾಜದವರು ಸ್ಟಾಫ್ ರೂಮಿಗೆ ಬಂದು, ಸಮುದ್ರಕ್ಕೆ ಇಳಿಯುವವರಂತೆ ಒಮ್ಮೆ ನಿಂತು, ಆ ಕುರ್ಚಿಯಲ್ಲಿ ಕೂತರು. "ಫ್ಯಾನ್ ಹಾಕ್ರಿ" ಎಂದರು. ಅದೇ ಅವರ ಆಡಳಿತದ ಮೊದಲ ಆಜ್ಞೆ. ಎರಡನೆಯ ಕೆಲಸವೆಂದರೆ ಟೀಚರ ರಜೆಗೆ ಸಹಿ. ಟೀಚರು ಅಲ್ಲಿಯೇ ಗೋಡೆಗೆ ಒರಗಿ ಕಣ್ಣು ಮುಚ್ಚಿ ಉಸಿರು ಎಳೆದುಕೊಂಡಳು. ತರಬೇತಿಯಲ್ಲಿ ಹೇಳಿಕೊಟ್ಟ ಉಸಿರು ಅದೇ ಇರಬೇಕು.

ಗಣಿತದವರು ಮಾತ್ರ ಗೆದ್ದೂ ಚಡಪಡಿಸುತ್ತಿದ್ದರು. ಡಬ್ಬಿ ತೆಗೆದು ಮೇಜಿನ ನಡುವೆ ಇಟ್ಟು, ಮುಚ್ಚಳ ಬಿಚ್ಚಿ, ಮತ್ತೆ ಮುಚ್ಚಿದರು.

"ಖರೇ ಹೇಳ್ಲೇ, ನೀ ಯಾತಕ್ಕ ಒಲ್ಲೆ ಅಂತಿದ್ದಿ?" ಎಂದು ಕೇಳಿದರು.

"ಆ ಫೋನು. ಓಟಿಪಿ ಬಂದೈತಂತ ಚಷ್ಮಾ ಹುಡಕಿ ಹಾಕ್ಕೊಳ್ಳೋದ್ರಾಗ ಅದು ಸತ್ತಿರತೈತಿ. ಎದಿ ಧಡಧಡ ಅಂತೈತಿ. ಸಹಿ ಎಷ್ಟರ ಮಾಡಸು, ಅಂಜಿಕಿ ಇಲ್ಲ. ನಿನಗ?"

"ನನಗ ಫೋನಿಂದೇನೂ ಇಲ್ಲ. ಸಹಿ ಅಂದ್ರ ಅಂಜಿಕಿ. ಒಂದು ಸಹಿ ಮಾಡಿ ಮನಿಗಿ ಹೋದ್ರ, ಸರಿ ಐತೋ ಇಲ್ಲೋ ಅಂತ ನಿದ್ದಿ ಬರಾಂಗಿಲ್ಲ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಷ್ಟು ದಿನ ಪರಸ್ಪರರ ಗುಣಗಳನ್ನು ಬಣ್ಣಿಸಿದ್ದೇ ಬಣ್ಣಿಸಿದ್ದು, ನಿನಗೆ ಯಾವುದರ ಅಂಜಿಕೆ ಎಂದು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ, ಸರ್ಕಾರಿ ಖರ್ಚಿನಲ್ಲಿ ಯಾದಗಿರಿಗೆ ಹೋಗಿ ಬಂದವನು. ಅಂದೇ ಓಟಿಪಿ ಗಣಿತದವರ ನಂಬರಿಗೆ ಬರುವಂತೆ ಅರ್ಜಿ ಹೋಯಿತು. ಸಹಿ ಸಮಾಜದವರದು. ತತ್ತಿ ಮತ್ತು ಬಾಳೆಹಣ್ಣಿನ ಉಸ್ತುವಾರಿ, ಇವನಿಗೆ ಕೋಳಿ ಸಾಕಾಣಿಕೆಯ ತರಬೇತಿ ಆಗಿದೆ ಎಂಬ ಕಾರಣಕ್ಕೆ, ನನ್ನ ಪಾಲಿಗೆ ಬಂತು. ಯಾದಗಿರಿಯ ಹಳೆಯ ಹೆಡ್ ಮಾಸ್ತರರು ಮಾತ್ರ ತಮ್ಮ ಫೋನು ಸುಮ್ಮನಾಯಿತೆಂದು ಬೇಸರಪಟ್ಟರಂತೆ.

ಕುಬಸ ಹೇಳಿದ ದಿನಕ್ಕೇ ಕೊಂಕಲ್‌ನಲ್ಲಿ ನಡೆಯಿತು. ನಾವೆಲ್ಲ ಅದೇ ಆಟೋ ಮಾಡಿಕೊಂಡು ಹೋದೆವು. ಹಸಿರು ಬಳೆ, ಹಸಿರು ಸೀರೆಯಲ್ಲಿ ಟೀಚರು ತವರಿನ ಪಡಸಾಲೆಯಲ್ಲಿ ಕೂತಿದ್ದಳು, ಇನ್ನು ಎಲ್ಲಿಗೂ ಏಳಬೇಕಾಗಿಲ್ಲ ಎಂಬ ನಿಶ್ಚಿಂತೆಯಲ್ಲಿ. ಆಕೆಯ ತಂದೆ ಸಮಾಜದವರ ಕೈ ಹಿಡಿದು, "ನಿಮ್ಮಂಥ ಹಿರ್ಯಾರು ಇದ್ದದ್ದಕ್ಕ ಆತ್ರಿ" ಎಂದ. ಅವರು ಗಣಿತದವರ ಕಡೆ ಒಮ್ಮೆ ನೋಡಿ ಊಟಕ್ಕೆ ಕೂತರು.

ದೀಪಾವಳಿ ದಾಟಿದ ಮೇಲೆ ಹೆಣ್ಣು ಕೂಸು ಹುಟ್ಟಿತು. ಹುಟ್ಟಿದ ತಾರೀಖು, ತಾಸು, ನಿಮಿಷ, ತೂಕ, ಎಲ್ಲವನ್ನೂ ಆಸ್ಪತ್ರೆಯವರು ಬರೆದುಕೊಟ್ಟಿದ್ದಾರೆ ಎಂದು ಟೀಚರು ಫೋನಿನಲ್ಲಿ ಹೇಳಿದಳು. ಸಮಾಜದವರು ಮರುಕಪಟ್ಟರು. "ಪಾಪ, ಮುಂದ ನೌಕರಿ ಹತ್ತಿದ್ರ ಈ ಕೂಸಿಗಿ ತಪ್ಪಿಸಿಕೊಳ್ಳಾಕ ದಾರಿನ ಇಲ್ಲ. ನಮಗ ಜೂನ್ ಒಂದರ ಇತ್ತು."

ರಜೆ ಮುಗಿಯುವ ಹೊತ್ತಿಗೆ ಆಕೆ ಕೂಸನ್ನು ಶಾಲೆಗೆ ತಂದು ತೋರಿಸಿದಳು. ಫ್ಯಾನಿನ ಕೆಳಗೆ, ಹೆಡ್ ಮಾಸ್ತರರ ಮೇಜಿನ ಮೇಲೆ ದುಪ್ಪಟಿ ಹಾಸಿ ಮಲಗಿಸಿದಳು. "ನೋಡವ್ವ, ಇಬ್ರು ಮುತ್ಯಾ ಅದಾರ ನಿನಗ" ಎಂದು ಇಬ್ಬರನ್ನೂ ಅಜ್ಜಂದಿರ ಸ್ಥಾನಕ್ಕೇರಿಸಿದಳು. "ಯಾರನ್ನ ದೊಡ್ಡ ಮುತ್ಯಾ ಅಂತೀ, ಯಾರನ್ನ ಸಣ್ಣ ಮುತ್ಯಾ ಅಂತೀ?"

"ದೊಡ್ಡ ಮುತ್ಯಾ ನಾನ" ಎಂದರು ಗಣಿತದವರು ತಟ್ಟನೆ. "ನಾ ಹುಟ್ಟಿದಾಗ ಹೊಳಿ ಬಂದಿತ್ತು. ಅದರ ಮುಂದಿನ ವರ್ಷ ಇವ. ಇವನ ಹೇಳ್ಯಾನ."

"ಹೇಳಿದ್ದಾಗ ಹೇಳಿದೆ" ಎಂದರು ಸಮಾಜದವರು, ಕುರ್ಚಿಯಿಂದ ಕಷ್ಟಪಟ್ಟು ಎದ್ದು ಮೇಜಿನ ಮೇಲೆ ಬಾಗುತ್ತ. "ನಮ್ಮವ್ವ ಸುಳ್ಳು ಹೇಳಾಕಿ ಅಲ್ಲ. ಅದ ವರ್ಷದ ರಾಶಿ ಅದು. ಬ್ಯಾಸಿಗಿ ಮೊದಲು, ಮಳಿಗಾಲ ಆಮ್ಯಾಗ. ಬೇಕಾದ್ರ ಕೇಳು, ಅಂಗಳದಾಗ ನನ್ನ ಕೈ ಹಿಡದು ಎಬ್ಬಿಸಿದಾವ ಯಾರು?"

ಕೂಸು ಇಬ್ಬರನ್ನೂ ನೋಡಿ ಆಕಳಿಸಿತು. ಟೀಚರು ನನ್ನ ಕಡೆ ತಿರುಗಿದಳು. ನಾನು ತರಬೇತಿಯ ಮಾತು ಎತ್ತಲಿಲ್ಲ. ತತ್ತಿ ಎಣಿಸುವುದಿದೆ ಎಂದು ಹೇಳಿ ಎದ್ದು ಹೋದೆ.